ನಾಲಗೆಯ ಕೀಲೆಣ್ಣೆ: ವೈನು ಮತ್ತು ಚೀಸುಗಳ ಜೋಡಿ

ಇಂಗ್ಲೆಂಡಿನ ವೈನ್ ವರ್ತಕರಲ್ಲಿ ಹಿಂದಿನಿಂದ ಬಂದ ಮಾತೊಂದುಂಟು. ವೈನನ್ನು ಕೊಳ್ಳುವಾಗ ಸೇಬಿನ ಹೋಳನ್ನು ಕಚ್ಚಿಕೊಂಡು ರುಚಿ ನೋಡಬೇಕು. ಮಾರುವಾಗ ಗಿರಾಕಿಯ ಕೈಗೆ ಚೀಸಿನ ತುಂಡನ್ನು ಕೊಡಬೇಕು. ಸೇಬು ವೈನಿನ ದೋಷಗಳನ್ನು ಬಯಲಿಗೆಳೆಯುತ್ತದೆ, ಚೀಸು ಅವನ್ನು ಮುಚ್ಚಿಬಿಡುತ್ತದೆ ಎಂಬುದು ಇದರ ತಾತ್ಪರ್ಯ. ಇತ್ತ ಯೂರೋಪಿನ ಊಟದ ಮೇಜಿನ ಮೇಲಾದರೋ ಈ ಎರಡು ವಸ್ತುಗಳೂ ಆದರ್ಶ ದಂಪತಿಗಳೆಂದು ಹೆಸರು ಪಡೆದಿವೆ. ಫ್ರಾನ್ಸಿನಲ್ಲಿ ಮುಖ್ಯ ಭಕ್ಷ್ಯಗಳು ಮುಗಿದು ಸಿಹಿ ಬರುವುದಕ್ಕೆ ಮುನ್ನ ಚೀಸಿನ ಹಲಗೆಯನ್ನು ತಂದಿಡುವುದು ವಾಡಿಕೆ. ಯಾವ ಚೀಸಿಗೆ ಯಾವ ವೈನು ಒಪ್ಪುತ್ತದೆ ಎಂಬುದರ ಮೇಲೆ ಅಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಹಾಗಾದರೆ ಚೀಸು ವೈನಿನ ಸೊಗಸನ್ನು ಹೆಚ್ಚಿಸುತ್ತದೆಯೇ, ಅಥವಾ ವರ್ತಕರು ಎಣಿಸಿದಂತೆ ಕುಡಿಯುವವನ ನಾಲಗೆಗೆ ಮಂಕುಬೂದಿಯನ್ನು ಎರಚುತ್ತದೆಯೇ?

ಇವೆರಡೂ ನಮ್ಮ ಮನೆಗಳಲ್ಲಿ ಬಳಕೆಯ ವಸ್ತುಗಳಲ್ಲವಲ್ಲ, ಈ ಪ್ರಶ್ನೆಯ ಗೊಡವೆ ನಮಗೇಕೆ ಎಂದು ವಾಚಕರು ಕೇಳಬಹುದು. ಬಾಯಿಯೊಳಗೆ ನಡೆಯುವ ಕ್ರಿಯೆ ಮಾತ್ರ ನಮಗೆ ತೀರ ಪರಿಚಿತವಾದದ್ದು. ಹಸಿ ಅಡಿಕೆಯನ್ನು ಅಗಿದವರೂ ಕಾಯಿಬಾಳೆಯನ್ನು ಕಚ್ಚಿದವರೂ ಹಾಲಿಲ್ಲದ ಕಡು ಚಹಾ ಕುಡಿದವರೂ ಅದನ್ನು ಬಲ್ಲರು. ಕನ್ನಡದಲ್ಲಿ ಅದಕ್ಕೆ ಒಗರು ಎಂದು ಹೆಸರು. ನಮ್ಮ ಪೂರ್ವಿಕರು ಇದನ್ನು ಕಷಾಯವೆಂದು ಕರೆದು ಷಡ್ರಸಗಳಲ್ಲಿ ಸೇರಿಸಿದ್ದರು. ಇಂದಿನ ಶರೀರವಿಜ್ಞಾನಿಗಳು ಒಪ್ಪುವ ಮೂಲರುಚಿಗಳಾದರೋ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದು. ಒಗರಿಗೆ ಅಲ್ಲಿ ಸ್ಥಾನವಿಲ್ಲ. ಏಕೆಂದರೆ ಅದು ಬಹುಮಟ್ಟಿಗೆ ರುಚಿಯಲ್ಲ, ಸ್ಪರ್ಶ. ಇನ್ನೂ ಸ್ಪಷ್ಟವಾಗಿ ಹೇಳಬೇಕಾದರೆ, ಘರ್ಷಣೆ.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಯಂತ್ರದ ಎರಡು ಲೋಹಭಾಗಗಳು ಒಂದರ ಮೇಲೊಂದು ಉಜ್ಜದಂತೆ ನಾವು ಕೀಲೆಣ್ಣೆಯನ್ನು ಹಾಕುತ್ತೇವಷ್ಟೆ. ನಾಲಗೆಗೂ ಅಂಗುಳಿಗೂ ನಡುವೆ ಈ ಕೆಲಸವನ್ನು ಮಾಡುವುದು ಜೊಲ್ಲು. ಜೊಲ್ಲಿನಲ್ಲಿ ನೂರಕ್ಕೆ 99 ಪಾಲು ನೀರೇ ಆದರೂ, ಉಳಿದ ಒಂದು ಪಾಲಿನೊಳಗೆ ಇರುವ ಪ್ರೋಟೀನುಗಳು ಬಾಯಿಯ ಒಳಮೈಗೆ ತೆಳುವಾದ ಪೊರೆಯಂತೆ ಅಂಟಿಕೊಂಡು ಅದನ್ನು ನುಣುಪಾಗಿಡುತ್ತವೆ. ರಬ್ಬರಿನಂತಹ ಮೃದುವಾದ ಎರಡು ತಲಗಳ ನಡುವೆ ಒಮ್ಮೆ ನೀರನ್ನೂ ಒಮ್ಮೆ ಜೊಲ್ಲನ್ನೂ ಇಟ್ಟು ಅಳೆದು ನೋಡಿದ್ದಾರೆ. ಮೆಲ್ಲನೆ ಜಾರುವಾಗ ಜೊಲ್ಲಿನ ಘರ್ಷಣಾಂಕ ನೀರಿನದಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ನೀರಿನಂತೆಯೇ ಕಾಣುವ ದ್ರವಕ್ಕೆ ಇದು ಸಾಮಾನ್ಯವಾದ ಗುಣವಲ್ಲ!

ಕೆಂಪು ವೈನಿನಲ್ಲಿ ಟ್ಯಾನಿನ್ನುಗಳೆಂಬ ದ್ರವ್ಯಗಳಿವೆ. ಇವು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ. ಕೆಂಪು ವೈನಿಗಾಗಿ ಹಣ್ಣನ್ನು ಸಿಪ್ಪೆ ಬೀಜಗಳ ಸಮೇತ ಹುದುಗಿಸುತ್ತಾರೆ. ಬಿಳಿ ವೈನಿಗೆ ಮೊದಲೇ ಹಿಂಡಿ ರಸವನ್ನು ಬೇರ್ಪಡಿಸಿಬಿಡುತ್ತಾರೆ. ಆದುದರಿಂದ ಬಿಳಿಯದರಲ್ಲಿ ಟ್ಯಾನಿನ್ನು ಬಲು ಕಡಿಮೆ. ಈ ಒಂದು ವ್ಯತ್ಯಾಸವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಟ್ಯಾನಿನ್ನು ಬಾಯಿಯನ್ನು ಹೊಕ್ಕೊಡನೆ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿ ಒತ್ತರಿಸುತ್ತದೆ. ಕೀಲೆಣ್ಣೆ ಹೀಗೆ ಕಳೆದುಹೋದರೆ ಉಳಿಯುವುದೇನು? ನಾಲಗೆ ಒರಟಾಗುತ್ತದೆ, ಕೆನ್ನೆಯ ಒಳಮೈ ಬಿಗಿದಂತಾಗುತ್ತದೆ, ಬಾಯಿ ತುಂಬ ದ್ರವವಿದ್ದರೂ ಒಣಗಿದಂತೆ ತೋರುತ್ತದೆ.

ಚೀಸು ಬಂದು ಕೂಡಿಕೊಳ್ಳುವುದು ಇಲ್ಲಿ. ಹಾಲನ್ನು ರೆನ್ನೆಟ್ಟಿನಿಂದ ಹೆಪ್ಪುಗಟ್ಟಿಸಿ, ನೀರನ್ನು ಬಸಿದು, ಉಪ್ಪು ಸೇರಿಸಿ, ವಾರಗಟ್ಟಲೆಯೋ ವರ್ಷಗಟ್ಟಲೆಯೋ ಮಾಗಿಸಿದರೆ ಅದು ಚೀಸು. ಗಟ್ಟಿ ಚೀಸಿನ ತೂಕದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಕೊಬ್ಬು, ನಾಲ್ಕನೆಯ ಒಂದು ಪಾಲು ಪ್ರೋಟೀನು. ಆ ಪ್ರೋಟೀನಿನಲ್ಲಿ ಮುಖ್ಯವಾದ ಕೇಸೀನಿಗೂ ಟ್ಯಾನಿನ್ನಿಗೂ ಬಲವಾದ ಆಕರ್ಷಣೆ. ಒಗರು ಮಿತಿಮೀರಿದ ವೈನಿಗೆ ಕೇಸೀನನ್ನು ಬೆರೆಸಿ ಟ್ಯಾನಿನ್ನನ್ನು ತಳಕ್ಕಿಳಿಸುವುದು ವೈನ್ ತಯಾರಕರ ಹಳೆಯ ಉಪಾಯವಾಗಿದೆ. ಚಹಾಕ್ಕೆ ಹಾಲು ಹಾಕಿದಾಗ ನಾವು ಮಾಡುವುದೂ ಅದನ್ನೇ. ಇನ್ನು ಕೊಬ್ಬಾದರೋ ನೇರವಾಗಿ ಕೀಲೆಣ್ಣೆಯ ಕೆಲಸಕ್ಕೇ ನಿಲ್ಲುತ್ತದೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ಮೋನೆಲ್ ಸಂಸ್ಥೆಯಲ್ಲಿ ಪಾಲ್ ಬ್ರೆಸ್ಲಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಬಲು ಅಂದವಾದದ್ದು. ತೀರ ಸೌಮ್ಯವಾದ ಒಗರಿನ ದ್ರವವನ್ನೂ ಗುಟುಕು ಗುಟುಕಾಗಿ ಕೊಡುತ್ತ ಹೋದರೆ ಒಗರು ಪ್ರತಿ ಗುಟುಕಿಗೂ ಏರುತ್ತಲೇ ಹೋಗುತ್ತದೆಂದು ಅವರು ಕಂಡರು. ನಡುನಡುವೆ ಕೊಬ್ಬಿನ ಆಹಾರವನ್ನು ಕೊಟ್ಟರೆ ಒಗರೂ ಇಳಿಯಿತು, ಬಾಯಿಯ ಜಿಡ್ಡೂ ಇಳಿಯಿತು. ಅಂದರೆ ಇವು ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಜಿಡ್ಡು ಒಗರನ್ನು ಮಣಿಸುತ್ತದೆ, ಒಗರು ಜಿಡ್ಡನ್ನು ತೊಳೆಯುತ್ತದೆ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸುವುದಕ್ಕೆ ವೈನೇ ಬೇಕೆಂದಿಲ್ಲ. ಹಾಲು ಸಕ್ಕರೆಗಳಿಲ್ಲದ ಕಡು ಚಹಾವನ್ನು ಅರ್ಧ ನಿಮಿಷಕ್ಕೊಂದು ಗುಟುಕಿನಂತೆ ಆರು ಸಲ ಕುಡಿದು, ಪ್ರತಿ ಸಲದ ಒಗರಿಗೂ ಹತ್ತರಲ್ಲಿ ಒಂದು ಅಂಕವನ್ನು ಬರೆದಿಡಿ. ಮರುದಿನ ಗುಟುಕುಗಳ ನಡುವೆ ಚಿಟಿಕೆಯಷ್ಟು ಬೆಣ್ಣೆಯನ್ನು ನಾಲಗೆಗೆ ಸವರಿಕೊಂಡು ಇದನ್ನೇ ಮಾಡಿ. ಎರಡು ದಿನಗಳ ಅಂಕಗಳನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಪಾಠಪುಸ್ತಕದಲ್ಲಿಲ್ಲದ ವಕ್ರರೇಖೆಯೊಂದು ನಿಮ್ಮದಾಗುತ್ತದೆ.

ಇಷ್ಟಾದ ಮೇಲೆ ವರ್ತಕರ ಮಾತಿಗೆ ಹಿಂತಿರುಗೋಣ. ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಹಿಲ್ಡೆಗಾರ್ಡ್ ಹೈಮನ್ ಮತ್ತು ಅವರ ಸಹೋದ್ಯೋಗಿ. ಎಂಟು ಕೆಂಪು ವೈನುಗಳು, ಎಂಟು ಚೀಸುಗಳು, ರುಚಿ ನೋಡಲು ತರಬೇತಿ ಪಡೆದ ಪರೀಕ್ಷಕರು. ಮೊದಲು ಬರಿಯ ವೈನು, ಅನಂತರ ಚೀಸು ತಿಂದು ವೈನು. 2006ರಲ್ಲಿ ಹೊರಬಂದ ಫಲಿತಾಂಶ ರಸಿಕರಿಗೆ ಹಿತವಾಗುವಂತಿರಲಿಲ್ಲ. ಒಗರು ತಗ್ಗಿತು, ಹುಳಿ ತಗ್ಗಿತು, ಹಣ್ಣಿನ ಪರಿಮಳ, ಓಕ್ ಮರದ ಪೀಪಾಯಿಯಿಂದ ಬಂದ ಪರಿಮಳ, ಎಲ್ಲವೂ ತಗ್ಗಿದವು. ಏರಿದ್ದು ಬೆಣ್ಣೆಯ ವಾಸನೆ ಒಂದೇ. ಅದು ಚೀಸಿನಿಂದಲೇ ಬಂದಿರಬೇಕು. ಯಾವ ಚೀಸನ್ನು ಕೊಟ್ಟರೂ ಕಥೆ ಹೆಚ್ಚು ಕಡಿಮೆ ಒಂದೇ. ವರ್ತಕರು ಗೆದ್ದರು ಎನ್ನಬೇಕು.

ಹತ್ತು ವರ್ಷಗಳ ಮೇಲೆ, 2016ರಲ್ಲಿ, ಫ್ರಾನ್ಸಿನ ಡೀಜೋನಿನಲ್ಲಿ ಮಾರಾ ಗಾಲ್ಮಾರಿನಿ ಮತ್ತು ಸಂಗಡಿಗರು ಬೇರೊಂದು ವಿಧಾನವನ್ನು ಹಿಡಿದರು. ಪರೀಕ್ಷಕರು ಸಾಮಾನ್ಯ ಬಳಕೆದಾರರು. ಪ್ರತಿಯೊಂದು ಗುಣಕ್ಕೂ ಅಂಕ ಕೊಡುವ ಬದಲು, ಬಾಯಲ್ಲಿ ಆ ಕ್ಷಣಕ್ಕೆ ಯಾವ ಸಂವೇದನೆ ಮೇಲುಗೈಯಾಗಿದೆ ಎಂಬುದನ್ನು ಅವರು ಹೇಳುತ್ತ ಹೋಗಬೇಕು. ಕೊನೆಯಲ್ಲಿ ವೈನು ಎಷ್ಟು ಮೆಚ್ಚುಗೆಯಾಯಿತೆಂದೂ ಹೇಳಬೇಕು. ಬೂರ್ಗೋನ್ಯ್ ಮತ್ತು ಮದೀರಾನ್ ಎಂಬ ಕೆಂಪು ವೈನುಗಳಲ್ಲಿ ಚೀಸು ತಿಂದ ಮೇಲೆ ಒಗರು ಮೇಲುಗೈಯಾಗಿರುವ ಅವಧಿ ಕುಗ್ಗಿತು. ಕೆಂಪು ಹಣ್ಣುಗಳ ಪರಿಮಳದ ಅವಧಿ ಹಿಗ್ಗಿತು. ಯಾವ ಚೀಸಿನಿಂದಲೂ ಯಾವ ವೈನಿನ ಮೆಚ್ಚುಗೆಯೂ ಕೆಳಗಿಳಿಯಲಿಲ್ಲ.

ಒಂದು ಪ್ರಯೋಗ ಹಣ್ಣಿನ ಪರಿಮಳ ತಗ್ಗಿತೆನ್ನುತ್ತದೆ, ಇನ್ನೊಂದು ಅದು ಮುಂದೆ ಬಂದಿತೆನ್ನುತ್ತದೆ. ಇವು ಪರಸ್ಪರ ವಿರುದ್ಧವೆಂದು ತೋರಿದರೂ ನಮಗೆ ಹಾಗೆ ಕಾಣುವುದಿಲ್ಲ. ಡೇವಿಸ್‌ನವರು ಅಳೆದದ್ದು ಒಂದೊಂದು ಗುಣದ ಪರಿಮಾಣವನ್ನು. ಡೀಜೋನಿನವರು ಅಳೆದದ್ದು ಅವುಗಳ ನಡುವಿನ ಸ್ಪರ್ಧೆಯನ್ನು. ಸಂಗೀತ ಕಛೇರಿಯಲ್ಲಿ ಧ್ವನಿವರ್ಧಕವನ್ನು ತುಸು ತಗ್ಗಿಸಿ, ಮೃದಂಗವನ್ನು ಮಾತ್ರ ಇನ್ನಷ್ಟು ತಗ್ಗಿಸಿದರೆ ತಂಬೂರಿಯ ಸದ್ದೂ ಮೊದಲಿಗಿಂತ ಕಡಿಮೆಯೇ ಆಗಿರುತ್ತದೆ. ಆದರೂ ಶ್ರುತಿ ಈಗ ಕಿವಿಗೆ ಬೀಳುತ್ತದೆ. ಚೀಸು ವೈನಿನ ದನಿಯನ್ನೆಲ್ಲ ತಗ್ಗಿಸುತ್ತದೆ, ಒಗರಿನ ದನಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ತಗ್ಗಿಸುತ್ತದೆ ಎಂದು ತಿಳಿದರೆ ಎರಡು ಫಲಿತಾಂಶಗಳೂ ಒಂದೇ ಚಿತ್ರದಲ್ಲಿ ಕೂಡುತ್ತವೆ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಅತಿ ನಯವಾದ, ಬೆಲೆಬಾಳುವ ಹಳೆಯ ಕೆಂಪು ವೈನಿಗೆ ಚೀಸು ಅಷ್ಟೇನೂ ಉಪಕಾರಿಯಲ್ಲ. ತಗ್ಗಿಸಬೇಕಾದ ಒಗರು ಅದರಲ್ಲಿ ಆಗಲೇ ತಗ್ಗಿರುತ್ತದೆ. ಎಳೆಯ, ಒರಟು ವೈನಿಗೇ ಅದರ ಲಾಭ ಹೆಚ್ಚು.

ಟ್ಯಾನಿನ್ನಿಲ್ಲದ ಬಿಳಿ ವೈನುಗಳ ವಿಚಾರ ಬೇರೆ. ಅಲ್ಲಿ ಜೋಡಿ ಕೂಡುವುದು ಘರ್ಷಣೆಯಿಂದಲ್ಲ, ರುಚಿಯಿಂದ. ಲ್ವಾರ್ ನದಿಯ ಬಳಿಯ ಸಾನ್ಸೇರ್ ವೈನಿನ ಹುಳಿಗೆ, ಅಲ್ಲಿಯೇ ನೆರೆಯ ಶಾವಿನ್ಯೋಲ್ ಹಳ್ಳಿಯ ಹೆಸರನ್ನು ಹೊತ್ತ ಆಡಿನ ಹಾಲಿನ ಚೀಸಿನ ಹುಳಿ ಸರಿಜೋಡಿಯೆಂದು ಪ್ರಸಿದ್ಧಿ. ಆದರೆ ಇದಕ್ಕಿಂತ ಸ್ವಾರಸ್ಯವಾದದ್ದು ರಾಕ್‌ಫರ್ ಚೀಸೂ ಸೋತೆರ್ನ್ ವೈನೂ ಕೂಡಿದ ಜೋಡಿ. ಕುರಿಯ ಹಾಲಿನ ರಾಕ್‌ಫರ್ ಚೀಸನ್ನು ದಕ್ಷಿಣ ಫ್ರಾನ್ಸಿನ ಕೊಂಬಾಲೂ ಬೆಟ್ಟದ ಗುಹೆಗಳಲ್ಲಿ ಮಾಗಿಸುತ್ತಾರೆ. ಪೆನಿಸಿಲಿಯಮ್ ಜಾತಿಯ ಬೂಷ್ಟು ಅದರೊಳಗೆ ನೀಲಿ ನರಗಳಂತೆ ಹಬ್ಬುತ್ತದೆ. 1925ರ ಕಾಯಿದೆಯಿಂದ ಆ ಹೆಸರಿಗೆ ರಕ್ಷಣೆಯೂ ಉಂಟು. ಅತ್ತ ಬೋರ್ಡೋ ಪ್ರಾಂತದ ಸೋತೆರ್ನ್‌ನಲ್ಲಿ ಶರತ್ಕಾಲದ ಮುಂಜಾನೆಯ ಮಂಜಿನಿಂದ ದ್ರಾಕ್ಷಿಗೆ ಬೋಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಸಿಪ್ಪೆ ಸವೆದು ಹಣ್ಣಿನ ನೀರು ಆವಿಯಾಗಿ ಹೋಗುತ್ತದೆ. ಸಕ್ಕರೆ ಸಾಂದ್ರವಾಗಿ ಉಳಿಯುತ್ತದೆ. ಬೇರೆ ತೋಟಗಳಲ್ಲಿ ರೋಗವೆನ್ನಿಸಿದ್ದು ಇಲ್ಲಿ ಬೆಳೆಗಾರನ ಭಾಗ್ಯ. ಹೀಗೆ ಒಂದು ಬೂಷ್ಟಿನ ಉಪ್ಪು ಚೀಸು, ಇನ್ನೊಂದು ಬೂಷ್ಟಿನ ಸಿಹಿ ವೈನು. ಉಪ್ಪು ಕಹಿಯನ್ನು ಅಡಗಿಸಿ, ಆ ಮೂಲಕ ಸಿಹಿಯನ್ನು ಮೇಲಕ್ಕೆ ತರುತ್ತದೆಂದು ಬ್ರೆಸ್ಲಿನ್ ಮತ್ತು ಬೋಶಾಂಪ್ 1997ರಲ್ಲಿಯೇ ತೋರಿಸಿದ್ದರು. ಪಾಯಸಕ್ಕೆ ಹರಳು ಉಪ್ಪು ಹಾಕುವ ಗೃಹಿಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇಂಗ್ಲೆಂಡಿನ ಸ್ಟಿಲ್ಟನ್ ಚೀಸಿಗೆ ಪೋರ್ಚುಗಲ್ಲಿನ ಸಿಹಿಯಾದ ಪೋರ್ಟ್ ವೈನು ಒಪ್ಪುವುದೂ ಇದೇ ನ್ಯಾಯದಿಂದ.

ಉಳಿದದ್ದು ಪರಿಮಳ, ಅಲ್ಲಿ ವಿಷಯ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಪೂರ್ವ ಫ್ರಾನ್ಸಿನ ಜ್ಯೂರಾ ಪರ್ವತಸೀಮೆಯಲ್ಲಿ, ಲೂಯಿ ಪಾಸ್ತರ್ ಬೆಳೆದ ನಾಡಿನಲ್ಲಿ, ವ್ಯಾನ್ ಜೋನ್ ಎಂಬ ಹಳದಿ ವೈನನ್ನು ಪೀಪಾಯಿಯಲ್ಲಿ ಯೀಸ್ಟಿನ ಕೆನೆಪದರದ ಕೆಳಗೆ ಆರು ವರ್ಷಗಳಿಗೂ ಮೀರಿ ಮಾಗಿಸುತ್ತಾರೆ. ಅದರ ಜೊತೆಗೆ ಅದೇ ಸೀಮೆಯ ಕೋಂತೆ ಚೀಸು. ಎರಡಕ್ಕೂ ಅಕ್ರೋಟು ಬೀಜದ ವಾಸನೆಯುಂಟೆಂದು ಬಲ್ಲವರು ಹೇಳುತ್ತಾರೆ. ವೈನಿನ ಪರಿಮಳಕ್ಕೆ ಮುಖ್ಯ ಕಾರಣವಾದ ಅಣುವಿನ ಹೆಸರು ಸೊಟೊಲೊನ್. ನಮ್ಮ ಅಡಿಗೆಮನೆಯ ಮೆಂತ್ಯದ ವಾಸನೆಗೂ ಅದೇ ಅಣುವೇ ಮೂಲ!

ಸಮಾನ ಪರಿಮಳವುಳ್ಳವು ಒಂದಕ್ಕೊಂದು ಒಪ್ಪುತ್ತವೆ ಎಂಬುದು ನಿಯಮವೇ? 2011ರಲ್ಲಿ 56 ಸಾವಿರಕ್ಕೂ ಮೀರಿದ ಪಾಕವಿಧಾನಗಳನ್ನು ಗಣಕದಿಂದ ವಿಶ್ಲೇಷಿಸಿದ ಸಂಶೋಧಕರು, ಪಶ್ಚಿಮ ಯೂರೋಪು ಮತ್ತು ಉತ್ತರ ಅಮೆರಿಕದ ಅಡಿಗೆಗಳಲ್ಲಿ ಅದು ನಿಜ, ಪೂರ್ವ ಏಷ್ಯದಲ್ಲಿ ಅಲ್ಲ ಎಂದು ಕಂಡರು. 2015ರಲ್ಲಿ ಜೋಧಪುರದ ಐಐಟಿಯವರು ಸುಮಾರು 2,500 ಭಾರತೀಯ ಪಾಕಗಳನ್ನು ಹೀಗೆಯೇ ಪರೀಕ್ಷಿಸಿದಾಗ ನಮ್ಮದೂ ತದ್ವಿರುದ್ಧವೆಂದು ತಿಳಿಯಿತು: ಪರಿಮಳದಲ್ಲಿ ಆದಷ್ಟು ದೂರವಾದ ವಸ್ತುಗಳನ್ನೇ ನಾವು ಒಂದು ಪಾತ್ರೆಯಲ್ಲಿ ಕೂಡಿಸುತ್ತೇವೆ, ಅದಕ್ಕೆ ಮುಖ್ಯ ಕಾರಣ ಸಂಬಾರ ಪದಾರ್ಥಗಳು. ಹಾಗಿರುವಾಗ ಜ್ಯೂರಾದ ಜೋಡಿಯಲ್ಲಿ ಅಣುಗಳ ಪಾಲೆಷ್ಟು, ಶತಮಾನಗಳ ರೂಢಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವ ಪ್ರಯೋಗವನ್ನು ಮೆಂತ್ಯದ ವಾಸನೆಯಲ್ಲಿ ಬೆಳೆದ ಪರೀಕ್ಷಕರಿಂದಲೂ ಒಮ್ಮೆ ಮಾಡಿಸಬೇಕಾಗುತ್ತದೆ.