ಉಸಿರಿಗೊಂದು ಜಿಡ್ಡು

ನಮ್ಮ ಶ್ವಾಸಕೋಶಗಳಲ್ಲಿ 30 ಕೋಟಿಗೂ ಹೆಚ್ಚು ವಾಯುಕೋಶಗಳಿವೆ. ಒಂದೊಂದರ ಅಗಲ ಸುಮಾರು 0.2 ಮಿಲಿಮೀಟರ್. ಆಮ್ಲಜನಕ ರಕ್ತಕ್ಕಿಳಿಯುವುದು ಅವುಗಳ ತೆಳುಗೋಡೆ ದಾಟಿ. ಆ ಗೋಡೆಯ ಒಳಮೈ ಸದಾ ಒದ್ದೆ; ತೊಡಕಿರುವುದೂ ಅಲ್ಲೇ. ನೀರಿನ ಮೇಲ್ಮೈ ಕುಗ್ಗಲು ಎಳೆಯುತ್ತಲೇ ಇರುತ್ತದೆ, ಗುಳ್ಳೆ ಚಿಕ್ಕದಾದಷ್ಟೂ ಒಳಕ್ಕೆಳೆಯುವ ಒತ್ತಡ ಜಾಸ್ತಿ. ಲೆಕ್ಕದ ಪ್ರಕಾರ ಉಸಿರು ಬಿಟ್ಟಾಗಲೆಲ್ಲ ಈ ಕೋಶಗಳು ಒದ್ದೆ ಪ್ಲಾಸ್ಟಿಕ್ ಚೀಲದಂತೆ ಮೆತ್ತಿಕೊಳ್ಳಬೇಕಿತ್ತು. ಹಾಗಾಗುವುದಿಲ್ಲವಲ್ಲ, ಏಕೆ?

1929ರಲ್ಲಿ ಸ್ವಿಟ್ಜರ್ಲೆಂಡಿನ ಕುರ್ಟ್ ಫಾನ್ ನೇರ್‌ಗಾರ್ಡ್ ಪ್ರಾಣಿಯ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದ, ಒಮ್ಮೆ ದ್ರವದಿಂದ ಉಬ್ಬಿಸಿ ನೋಡಿದರು. ಗಾಳಿಗೆ ಹೆಚ್ಚು ಒತ್ತಡ ಬೇಕಾಯಿತು. ಮೇಲ್ಮೈ ಸೆಳೆತವೇ ಕಾರಣ, ನವಜಾತ ಶಿಶುವಿನ ಮೊದಲ ಉಸಿರಿಗೂ ಇದು ಅಡ್ಡಿಯಾಗಬಹುದು ಎಂದು ಬರೆದರು. ಕಾಲು ಶತಮಾನ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಸುಳಿವು ಸಿಕ್ಕ ಜಾಗ ವಿಚಿತ್ರ: ಇಂಗ್ಲೆಂಡಿನ ಪೋರ್ಟನ್ ಡೌನ್, ರಾಸಾಯನಿಕ ಯುದ್ಧದ ಸಂಶೋಧನಾ ಕೇಂದ್ರ. ವಿಷಾನಿಲ ಶ್ವಾಸಕೋಶದಲ್ಲಿ ನೊರೆ ಎಬ್ಬಿಸುತ್ತದೆ. ಆ ನೊರೆಯನ್ನು ಪರೀಕ್ಷಿಸುತ್ತಿದ್ದ ರಿಚರ್ಡ್ ಪ್ಯಾಟಲ್‌ಗೆ ಅದರ ಗುಳ್ಳೆಗಳು ಒಡೆಯದೆ, ಕುಗ್ಗದೆ ಉಳಿಯುವುದು ಕಂಡಿತು. ಸೆಳೆತವನ್ನು ಅಳಿಸಿಹಾಕುವ ಏನೋ ಅವುಗಳ ಮೈಗಂಟಿದೆ ಎಂದು 1955ರಲ್ಲಿ ಪ್ರಕಟಿಸಿದರು. 1957ರಲ್ಲಿ ಜಾನ್ ಕ್ಲೆಮೆಂಟ್ಸ್ ಅದನ್ನು ಅಳೆದು ತೋರಿಸಿದರು. ಅವರಿದ್ದದ್ದೂ ಅಮೆರಿಕ ಸೇನೆಯ ರಾಸಾಯನಿಕ ಕೇಂದ್ರದಲ್ಲೇ! ಕೊಬ್ಬು ಮತ್ತು ಪ್ರೋಟೀನಿನ ಈ ಜಿಡ್ಡೇ ಸರ್ಫ್ಯಾಕ್ಟೆಂಟ್. ವಾಯುಕೋಶದ ಗೋಡೆಯ ಕೆಲವು ಜೀವಕೋಶಗಳು ಅದನ್ನು ಸ್ರವಿಸುತ್ತವೆ.

ದಿನ ತುಂಬದೆ ಹುಟ್ಟಿ, ಏದುಸಿರು ಬಿಡುತ್ತ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಗಾಜಿನಂಥ ಪೊರೆಯೊಂದು ಕಾಣುತ್ತಿತ್ತು. ವೈದ್ಯರ ಗಮನವೆಲ್ಲ ಆ ಪೊರೆಯ ಮೇಲೆ. ಹಾರ್ವರ್ಡ್‌ನಲ್ಲಿದ್ದ ಮಕ್ಕಳ ವೈದ್ಯೆ ಮೇರಿ ಎಲೆನ್ ಏವರಿ ಇಲ್ಲದ್ದನ್ನು ಹುಡುಕಿದರು. ಜಿಯರ್ ಮೀಡ್ ಜೊತೆ 1959ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಇಷ್ಟೇ: ಈ ಕೂಸುಗಳಲ್ಲಿ ಜಿಡ್ಡು ಸಾಲುತ್ತಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಜಿಗಿತ ಇದೇ.

ಕಾರಣ ತಿಳಿದರೂ ಮದ್ದಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಎರಡು ದಿನ ತುಂಬುವ ಮುನ್ನ ಇದೇ ಕಾಯಿಲೆಗೆ ಬಲಿಯಾದ. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಹಾಕಿ, ಫಲ ಕಂಡದ್ದನ್ನು ವರದಿ ಮಾಡಿದರು. ಇಂದಿಗೂ ಈ ಔಷಧಕ್ಕೆ ಹೆಚ್ಚಾಗಿ ಹಸು, ಹಂದಿಗಳೇ ಮೂಲ.

ಅಷ್ಟರಲ್ಲಿ ನ್ಯೂಜಿಲೆಂಡಿನಲ್ಲಿ ಇನ್ನೊಂದು ದಾರಿ ತೆರೆದಿತ್ತು. ಗ್ರಹಾಂ ಲಿಗಿನ್ಸ್ ಕುರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಹೆರಿಗೆಯ ಬಗ್ಗೆ ಅಧ್ಯಯನ ನಡೆಸುತ್ತಿದ್ದಾಗ, ಬದುಕಲಾರದಷ್ಟು ಬೇಗ ಹುಟ್ಟಿದ ಮರಿಯೂ ಉಸಿರಾಡಿತು. 1972ರಲ್ಲಿ ಅವರು ರಾಸ್ ಹೋವಿಯವರೊಂದಿಗೆ ಗರ್ಭಿಣಿಯರಿಗೆ ಸ್ಟೀರಾಯ್ಡ್ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ದಿನ ತುಂಬುವ ಮುನ್ನವೇ ಹೆರಿಗೆ ನೋವು ಕಾಣಿಸಿಕೊಂಡರೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಆ ಪ್ರಯೋಗದ ಕವಲು. ಬೆಲೆಯಲ್ಲಂತೂ ಸರ್ಫ್ಯಾಕ್ಟೆಂಟ್‌ಗಿಂತ ಎಷ್ಟೋ ಅಗ್ಗ.