ಅಚ್ಚು ಉಳಿಯಿತು, ಕುಲುಮೆ ಆರಿತು

ಹಳೆಯ ಗಾಜಿನ ಹರಿವಾಣವನ್ನೋ ಬಡಿಸುವ ಬಟ್ಟಲನ್ನೋ ತಿರುವಿ ನೋಡಿದಾಗ ತಳದಲ್ಲಿ ಮುದ್ರೆ ಕಂಡರೆ, ಅದರ ತಯಾರಕರು ಯಾರೆಂಬುದು ಇತ್ಯರ್ಥವಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಹೈಸಿ ಕಾರ್ಖಾನೆ ಮುಚ್ಚಿದ ಮೇಲೆ ಅದರ ಅಚ್ಚುಗಳಿಗೆ ಒದಗಿದ ಗತಿಯನ್ನು ತಿಳಿದವರು ಈ ಭರವಸೆಯನ್ನು ಇಟ್ಟುಕೊಳ್ಳಲಾರರು.

ಗೊಂದಲದ ಬೇರು ತಯಾರಿಕೆಯ ವಿಧಾನದಲ್ಲಿಯೇ ಇದೆ. 1820ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಒತ್ತುಯಂತ್ರವು ಕೊಳವೆಯಲ್ಲಿ ಗಾಜು ಊದುವ ನುರಿತ ಕುಶಲಕರ್ಮಿಯ ಮೇಲಿನ ಅವಲಂಬನೆಯನ್ನು ತಗ್ಗಿಸಿತು. ಕರಗಿದ ಗಾಜಿನ ಮುದ್ದೆಯನ್ನು ಲೋಹದ ಅಚ್ಚಿಗೆ ಹಾಕಿ ಮೇಲಿನಿಂದ ಬಲವಾಗಿ ಒತ್ತಿದಾಗ, ಅಚ್ಚಿನ ಒಳಮೈಯಲ್ಲಿ ಕೊರೆದ ಚಿತ್ತಾರವು ಗಾಜಿನ ಮೈಮೇಲೆ ಮೂಡುತ್ತದೆ. ಹೀಗೆ ತಯಾರಾದದ್ದೇ ಒತ್ತುಗಾಜು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿ ಯಾವ ಮನೆಗೆ ಹೋದರೂ ಅದೇ ಗಿಳಿ, ಅದೇ ಗೋಪುರವನ್ನು ಮೂಡಿಸುವಂತೆ, ಗಾಜಿನ ಅಚ್ಚು ಯಾವ ಕುಲುಮೆಗೆ ಹೋದರೂ ಅದೇ ಬಟ್ಟಲನ್ನು, ಅದೇ ಮುದ್ರೆಯೊಂದಿಗೆ, ಹೆತ್ತು ಕೊಡುತ್ತದೆ.

ಜರ್ಮನಿಯಲ್ಲಿ ಹುಟ್ಟಿ ಶಿಶುವಾಗಿದ್ದಾಗಲೇ ಅಮೆರಿಕ ಸೇರಿದ ಆಗಸ್ಟಸ್ ಹೈಸಿ, ಪಿಟ್ಸ್‌ಬರ್ಗಿನ ಗಾಜು ತಯಾರಕ ಜಾರ್ಜ್ ಡಂಕನ್ನರ ಅಳಿಯನಾಗಿ ಈ ಉದ್ಯಮದ ಒಳಹೊರಗನ್ನು ಅರಿತವರು. ಅವರು ನೈಸರ್ಗಿಕ ಅನಿಲ ಯಥೇಚ್ಛವಾಗಿ ದೊರೆಯುತ್ತಿದ್ದ ನೆವಾರ್ಕ್ ಪಟ್ಟಣದಲ್ಲಿ ಕಟ್ಟಿದ ಕಾರ್ಖಾನೆಯು 1896ರಲ್ಲಿ ಉತ್ಪಾದನೆ ಆರಂಭಿಸಿತು. ವಜ್ರಾಕೃತಿಯ ಚೌಕಟ್ಟಿನೊಳಗೆ 'ಎಚ್' ಅಕ್ಷರವಿರುವ ಅದರ ಮುದ್ರೆಯು 1901ರಲ್ಲಿ ನೋಂದಣಿಯಾಗಿ, ಒಳ್ಳೆಯ ಗಾಜಿನ ಖಾತರಿಯೆಂದು ಹೆಸರಾಯಿತು. ಆದರೆ ಹೈಸಿಯ ಎಲ್ಲ ವಸ್ತುಗಳ ಮೇಲೂ ಈ ಮುದ್ರೆಯಿಲ್ಲ. ಊದಿ ಮಾಡಿದ ಅನೇಕ ಪಾತ್ರೆಗಳಿಗೆ ಕಾಗದದ ಚೀಟಿಯಷ್ಟೇ ಅಂಟಿತ್ತು, ಅದು ಮೊದಲ ತೊಳೆತಗಳಲ್ಲಿಯೇ ಕಳೆದುಹೋಗುವಂಥದ್ದು.

1957ರ ಕೊನೆಗೆ ಕಾರ್ಖಾನೆಯ ಕುಲುಮೆ ಆರಿತು. ಮರುವರ್ಷ ಅದೇ ರಾಜ್ಯದ ಬೆಲೇರ್ ಪಟ್ಟಣದ ಇಂಪೀರಿಯಲ್ ಕಂಪನಿಯು ಅದರ ಅಚ್ಚುಗಳನ್ನು ಕೊಂಡು, ಅವುಗಳಲ್ಲಿ ಹಲವನ್ನು ಬಳಕೆಗೆ ಇಳಿಸಿತು. ವಜ್ರಮುದ್ರೆಯು ಅಚ್ಚಿನೊಳಗೇ ಕೊರೆದದ್ದಾಗಿದ್ದರಿಂದ, ನೆವಾರ್ಕಿನ ಕುಲುಮೆಯನ್ನು ಕಾಣದ ಪಾತ್ರೆಗಳೂ ಹೈಸಿಯ ಗುರುತು ಹೊತ್ತು ಅಂಗಡಿ ಸೇರಿದವು. ಇಂಪೀರಿಯಲ್ಲಿಗೆ ತನ್ನದೇ ಆದ, 'ಐ' ಮತ್ತು 'ಜಿ' ಅಕ್ಷರಗಳನ್ನು ಹೆಣೆದ ಮುದ್ರೆಯಿತ್ತು. ಒಡೆತನ ಲೆನಾಕ್ಸ್ ಕಂಪನಿಗೆ ಹೋದ ಮೇಲೆ ಅದಕ್ಕೆ 'ಎಲ್' ಸೇರಿತು. ಈ ಅಕ್ಷರಗಳಿರುವ ಪಾತ್ರೆಯ ಕಾಲವನ್ನು ಹೇಳುವುದು ಸುಲಭ. ಬರಿಯ ವಜ್ರಮುದ್ರೆಯಿದ್ದರೆ ಬಣ್ಣವನ್ನು ಕೇಳಬೇಕಾಗುತ್ತದೆ. ಹೈಸಿಯ ಗುಲಾಬಿ ಛಾಯೆಯ ಫ್ಲೆಮಿಂಗೊ, ಹಸಿರಿನ ಮೂನ್‌ಗ್ಲೀಮ್, ಹಳದಿಯ ಸಹಾರಾ, ಬೆಳಕು ಬದಲಾದಂತೆ ನೇರಳೆಯಿಂದ ನೀಲಿಗೆ ಹೊರಳುವ ಅಲೆಕ್ಸಾಂಡ್ರೈಟ್ ಪರಿಚಿತವಾಗಿರುವವರಿಗೆ, ಹೈಸಿ ಎಂದೂ ತಯಾರಿಸದ ಬಣ್ಣವು ಅದೇ ಅಚ್ಚಿನಲ್ಲಿ ಕಂಡಾಗ ಅನುಮಾನಕ್ಕೆ ಎಡೆಯಿರುವುದಿಲ್ಲ.

ಇನ್ನೂ ನೋವಿನ ನಿದರ್ಶನವೆಂದರೆ ಮ್ಯಾಡ್ರಿಡ್ ವಿನ್ಯಾಸದ್ದು. ಕೊಲಂಬಸ್ ನಗರದ ಫೆಡರಲ್ ಗ್ಲಾಸ್ ಕಂಪನಿಯು 1932ರಿಂದ 1939ರವರೆಗೆ, ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಸಾಮಾನ್ಯ ಮನೆಗಳ ಊಟದ ಮೇಜಿಗಾಗಿ ತಯಾರಿಸಿದ ಅಗ್ಗದ ಗಾಜು ಇದು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನದ ನೆನಪಿಗೆ ಅದೇ ವಿನ್ಯಾಸವನ್ನು 'ರಿಕಲೆಕ್ಷನ್' ಎಂಬ ಹೆಸರಿನಲ್ಲಿ ಮರುತಯಾರಿಸಿದಾಗ, ಹಳೆಯದು ಹೊಸದರೊಂದಿಗೆ ಬೆರೆಯದಿರಲೆಂದು ಫೆಡರಲ್ ಕಂಪನಿಯು ಅಚ್ಚಿನಲ್ಲಿಯೇ '76' ಎಂಬ ಅಂಕಿಯನ್ನು ಕೊರೆಸಿತು. ಕಂಪನಿ ಮುಚ್ಚಿ ಅಚ್ಚುಗಳು ಇಂಡಿಯಾನ ಗ್ಲಾಸ್ ಕಂಪನಿಯ ಕೈಸೇರಿದ ಮೇಲೆ ಆ ಅಂಕಿಯನ್ನು ತೆಗೆಯಲಾಯಿತು. ಒಡೆತನದ ಹಕ್ಕಿನೊಳಗಿನ ಕೆಲಸವೇ ಆದರೂ, ಪ್ರಾಮಾಣಿಕವಾಗಿ ಬರೆದಿಟ್ಟ ದಿನಾಂಕವನ್ನು ಹೀಗೆ ಅಳಿಸಿದ್ದು ಇತಿಹಾಸಕ್ಕೆ ಬಗೆದ ಅಪಚಾರ.

ಈ ಗೋಜಲನ್ನು ಬಿಡಿಸಲು ನೆರವಾದದ್ದು ಕಾರ್ಖಾನೆಗಳು ಸಗಟು ವ್ಯಾಪಾರಿಗಳಿಗೆ ಕಳುಹಿಸುತ್ತಿದ್ದ ಹಳೆಯ ಕ್ಯಾಟಲಾಗುಗಳು. ಇಂಥ ಕಾಗದಪತ್ರಗಳನ್ನು ಜಾಲಾಡಿ ಹೇಝಲ್ ಮೇರಿ ವೆದರ್‌ಮನ್ 1970ರಲ್ಲಿ ಪ್ರಕಟಿಸಿದ ಗ್ರಂಥವು, ಮಹಾಕುಸಿತದ ಕಾಲದ ಬಣ್ಣದ ಗಾಜನ್ನು ಅಧ್ಯಯನಕ್ಕೆ ಯೋಗ್ಯವಾದ ವಿಷಯವನ್ನಾಗಿ ಮಾಡಿತು. ಕಾರ್ಖಾನೆಗಳು ಎಷ್ಟೋ ವಿನ್ಯಾಸಗಳನ್ನು ಸಂಖ್ಯೆಯಿಂದ ಗುರುತಿಸುತ್ತಿದ್ದುದರಿಂದ (ಹೈಸಿಯ ಕ್ರಿಸ್ಟಲೈಟ್ ವಿನ್ಯಾಸದ ಸಂಖ್ಯೆ 1503) ಹೆಸರು, ಸಂಖ್ಯೆ, ಚಿತ್ರ ಈ ಮೂರನ್ನೂ ತಾಳೆ ನೋಡುವ ಪದ್ಧತಿ ಬೆಳೆಯಿತು.

ಇಂಪೀರಿಯಲ್ ಕಂಪನಿಯೂ 1984ರಲ್ಲಿ ಮುಚ್ಚಿದಾಗ ಹೈಸಿಯ ಅಚ್ಚುಗಳು ಮತ್ತೊಮ್ಮೆ ಮಾರಾಟಕ್ಕೆ ಬಂದವು. ಅವು ಇನ್ನೊಂದು ಕುಲುಮೆಗೆ ಹೋಗದಿರಲೆಂದು ಹೈಸಿ ಸಂಗ್ರಾಹಕರ ಸಂಘವು 1985ರಲ್ಲಿ ಅವುಗಳಲ್ಲಿ ಬಹುಪಾಲನ್ನು ತಾನೇ ಕೊಂಡಿತು. ಸರಕನ್ನಷ್ಟೇ ಪ್ರೀತಿಸದೆ ಅದರ ದಾಖಲೆಯನ್ನೂ ಕಾಯಲು ಹಣ ಕೂಡಿಸಿದ ಈ ಕೆಲಸ ಎಲ್ಲ ಸಂಗ್ರಾಹಕರಿಗೂ ಮಾದರಿಯಾಗಬೇಕು. ಗಾಜಿನ ಮುದ್ರೆಯು ಅಚ್ಚನ್ನು ಹೇಳುತ್ತದೆಯೇ ಹೊರತು ಕುಲುಮೆಯನ್ನಲ್ಲ. ಆದ್ದರಿಂದ ಮುಚ್ಚಲಿರುವ ಯಾವುದೇ ಕಾರ್ಖಾನೆಯ ಅಚ್ಚುಗಳ ಲೆಕ್ಕ, ಬೆಲೆಪಟ್ಟಿ ಮತ್ತು ಕ್ಯಾಟಲಾಗುಗಳು ಗುಜರಿಗೆ ಹೋಗುವ ಮೊದಲೇ ವಸ್ತುಸಂಗ್ರಹಾಲಯವನ್ನು ಸೇರಬೇಕು.