ಕೋಲಾರ ಚಿನ್ನದ ಗಣಿಗಳ ಷೇರುಪತ್ರಗಳು: ಕ್ರಮಸಂಖ್ಯೆಯ ಸಾಕ್ಷ್ಯ

ಹಳೆಯ ಷೇರುಪತ್ರಗಳನ್ನು ಸಂಗ್ರಹಿಸುವ ಹವ್ಯಾಸವು 1970ರ ದಶಕದಿಂದೀಚೆಗೆ ವಿಶೇಷ ಪ್ರಚಾರವನ್ನು ಪಡೆದಿದೆ. ಕೋಲಾರದ ಚಿನ್ನದ ಗಣಿ ಕಂಪೆನಿಗಳ ಪತ್ರಗಳೂ ಸಂಗ್ರಾಹಕರ ಕೈಸೇರಿವೆ. ಸಂಖ್ಯೆ ಚಿಕ್ಕದಾದಷ್ಟೂ ಪತ್ರವು ಅಪೂರ್ವವೆಂದು ಭಾವಿಸುವವರುಂಟು. ಚರಿತ್ರೆಯ ವಿದ್ಯಾರ್ಥಿಗೆ ಈ ಸಂಖ್ಯೆಯು ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ ಎಂಬುದೇ ಇಲ್ಲಿಯ ವಿಚಾರ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಈ ಗಣಿಗಳಿಗೆ ಕೈಹಾಕಿತು. ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಬಂಡವಾಳವು ಷೇರುಗಳ ರೂಪದಲ್ಲಿ ಇಂಗ್ಲೆಂಡಿನಲ್ಲಿ ಕೂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಒಡೆತನದ ಕಾಗದಗಳು ಮಾತ್ರ ಬಹುಮಟ್ಟಿಗೆ ಕಡಲಾಚೆಯಲ್ಲಿಯೇ ಉಳಿದುವು.

ಷೇರುಪತ್ರದಲ್ಲಿ ಎರಡು ಬಗೆಯ ಸಂಖ್ಯೆಗಳಿರುವುದುಂಟು. ಒಂದು, ಆ ಕಾಗದದ ಕ್ರಮಸಂಖ್ಯೆ. ಇನ್ನೊಂದು, ಅದರಲ್ಲಿ ಅಡಕವಾದ ಷೇರುಗಳ ಮೊದಲ ಮತ್ತು ಕೊನೆಯ ಸಂಖ್ಯೆ. ಷೇರು ಕೈಬದಲಾದಾಗ ಹಳೆಯ ಪತ್ರವನ್ನು ರದ್ದುಗೊಳಿಸಿ ಹೊಸದನ್ನು ಬರೆಯುತ್ತಿದ್ದರು. ಕಾಗದದ ಸಂಖ್ಯೆ ಬದಲಾದರೂ ಷೇರಿನ ಸಂಖ್ಯೆ ಬದಲಾಗಬೇಕಾಗಿರಲಿಲ್ಲ. ಆದುದರಿಂದ ಒಡೆತನದ ಸರಪಳಿಯನ್ನು ಹಿಡಿದು ಹೋಗಬೇಕಾದರೆ ಎರಡನೆಯ ಸಂಖ್ಯೆಯೇ ದಾರಿ.

ಈಗಿನ ಕ್ರೀಡಾಪಟುಗಳ ಚಿತ್ರಪತ್ರಗಳಲ್ಲಿ ‘7/50’ ಎಂದು ಅಚ್ಚಾಗಿದ್ದರೆ ಐವತ್ತೇ ಪ್ರತಿಗಳೆಂದು ಅರ್ಥ. ಅಲ್ಲಿ ವಿರಳತೆಯು ಮೊದಲೇ ನಿಶ್ಚಿತವಾದದ್ದು. ಷೇರುಪತ್ರದ ವಿರಳತೆಯಾದರೋ ನಾಶದಿಂದ ಹುಟ್ಟಿದ್ದು. ಎಷ್ಟು ಪತ್ರಗಳು ಅಚ್ಚಾದುವೆಂಬುದನ್ನಾಗಲಿ, ಎಷ್ಟು ಉಳಿದುವೆಂಬುದನ್ನಾಗಲಿ ಅದರ ಸಂಖ್ಯೆಯು ಹೇಳಲಾರದು. ಒಂದೇ ಕಟ್ಟಿನ ಪತ್ರಗಳನ್ನು ಬಿಡಿಬಿಡಿಯಾಗಿ ಮಾರಿದರೆ ಅವುಗಳ ಪರಸ್ಪರ ಸಂಬಂಧವೂ ಕಡಿದುಹೋಗುತ್ತದೆ. ಪತ್ರವನ್ನು ಕಂಡವರು ಎರಡು ಸಂಖ್ಯೆಗಳನ್ನೂ ದಿನಾಂಕವನ್ನೂ ರದ್ದತಿಯ ಗುರುತನ್ನೂ ಬರೆದಿಟ್ಟುಕೊಳ್ಳುವುದು ಅವಶ್ಯ.

ಇನ್ನೊಂದು ಎಚ್ಚರಿಕೆಯೂ ಬೇಕು. ಈ ಪತ್ರಗಳು ಹಣ ಹೂಡಿದವರ ಹೆಸರುಗಳನ್ನು ಕಾಪಾಡಿವೆ, ಭೂಗರ್ಭಕ್ಕೆ ಇಳಿದವರ ಹೆಸರುಗಳನ್ನಲ್ಲ. ಕಾರ್ಮಿಕನನ್ನು ಗುರುತಿಸುವ ವಿಧಾನಗಳು ಬೇರೆಯಾಗಿದ್ದುವು. ಬೆರಳಚ್ಚಿನ ನೋಂದಣಿಯನ್ನು ಪ್ರತಿಭಟಿಸಿ 1930ರಲ್ಲಿ ಗಣಿಗಾರರು ಮುಷ್ಕರವನ್ನೇ ಹೂಡಿದರು. ಒಬ್ಬನಿಗೆ ಸಂಖ್ಯೆಯು ಒಡೆತನದ ಪ್ರಮಾಣ. ಇನ್ನೊಬ್ಬನಿಗೆ ಗುರುತಿನ ದಾಖಲೆಯು ಹತೋಟಿಯ ಸಾಧನ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು, 2001ರಲ್ಲಿ ಮುಚ್ಚಿದುವು. ಷೇರುಪತ್ರಗಳಿಗೆ ಇಂದು ಬೆಲೆ ಕಟ್ಟುವವರಿದ್ದಾರೆ. ಕಾರ್ಮಿಕರ ಮನೆಗಳಲ್ಲಿ ಉಳಿದಿರಬಹುದಾದ ಸಂಬಳದ ಚೀಟಿ, ಕೆಲಸದ ಕಾಗದಗಳಿಗೆ ಅಂಥವರಿಲ್ಲ. ಬಂಗಾರಪೇಟೆ, ಕೆ. ಜಿ. ಎಫ್. ಕಡೆಯ ವಿದ್ಯಾರ್ಥಿಗಳು ಮೊದಲು ಅವನ್ನು ಹುಡುಕಿ ಪಟ್ಟಿಮಾಡಿದರೆ ಗಣಿಯ ಚರಿತ್ರೆಯ ಅರ್ಧಭಾಗವು ಕಣ್ಮರೆಯಾಗದೆ ಉಳಿದೀತು.